ಸ್ಕಾಲರ್‌ಶಿಪ್ ಉತ್ತರ ಬರುವ ಮೊದಲೇ ಕಾಲೇಜು ಆರಿಸುವುದು ಹೇಗೆ: ಮಂಗಳೂರು, ಉಡುಪಿಯ ಮನೆಗಳಿಗೆ ಹಂತ ಹಂತದ ಲೆಕ್ಕ

ಪ್ರತಿ ಮಳೆಗಾಲ ಶುರುವಾಗುವಾಗ ಒಂದೇ ಪ್ರಶ್ನೆ ಬೇರೆ ಬೇರೆ ಮನೆಗಳಿಂದ ಬರುತ್ತದೆ. "ಮೆರಿಟ್ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಿದ್ದೇವೆ, ಇನ್ನೂ ಏನೂ ಹೇಳಿಲ್ಲ. ಫೀಸ್ ಕಟ್ಟಲು ಶುಕ್ರವಾರ ಕೊನೇ ದಿನ. ಏನು ಮಾಡೋದು?"

ಎಡವುವ ಜಾಗವೂ ಪ್ರತಿ ಸಲ ಒಂದೇ. ಸಿಗಬಹುದು ಎನ್ನುವ ಹಣವನ್ನು ಕೈಯಲ್ಲಿರುವ ಹಣದ ಜೊತೆ ಕೂಡಿಸಿ ಲೆಕ್ಕ ಹಾಕುತ್ತಾರೆ. ಮೊದಲ ವರ್ಷ ಹೇಗೋ ದಾಟುತ್ತದೆ. ಎರಡನೇ ವರ್ಷದ ಫೀಸ್‌ಗೆ ಅಮ್ಮನ ಬಳೆ ಸೊಸೈಟಿಯಲ್ಲಿ ಅಡವಿಗೆ ಹೋಗುತ್ತದೆ. ಅಂಕ ಕಡಿಮೆ ಬಂದು ಹೀಗಾಗುವುದಲ್ಲ, ಕೆಲಸಗಳನ್ನು ಹಿಂದೆ ಮುಂದೆ ಮಾಡಿದ್ದರಿಂದ ಆಗುವುದು. ಹಾಗಾಗಿ ಕೆಳಗಿನ ಹಂತಗಳನ್ನು ಇರುವ ಕ್ರಮದಲ್ಲೇ ಮಾಡಿ.

## ಶುರು ಮಾಡುವ ಮೊದಲು ಕೈಯಲ್ಲಿ ಇರಬೇಕಾದವು

ಒಂದು ನೋಟ್‌ಬುಕ್, ಅಥವಾ ಮೊಬೈಲಿನಲ್ಲಿ ಒಂದು ಶೀಟ್. ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯು ಅಂಕಪಟ್ಟಿ. ವಿದ್ಯಾರ್ಥಿಯ ಹೆಸರಿನಲ್ಲೇ ಇರುವ ಬ್ಯಾಂಕ್ ಪಾಸ್‌ಬುಕ್. ಆಧಾರ್, ಮತ್ತು ಅದಕ್ಕೆ ಜೋಡಿಸಿದ, ಈಗಲೂ ನಡೆಯುತ್ತಿರುವ ಮೊಬೈಲ್ ನಂಬರ್.

ಇನ್ನು ಜಾತಿ ಮತ್ತು ಆದಾಯ ಪ್ರಮಾಣಪತ್ರ. ನಾಡಕಚೇರಿ ಕೊಡುವ ಆದಾಯ ಪತ್ರ ಐದು ವರ್ಷ ನಡೆಯುತ್ತದೆ. ಹೈಸ್ಕೂಲಿನಲ್ಲಿ ಮಾಡಿಸಿದ್ದು ಇದೆ ಅಂತ ಸುಮ್ನೆ ಕೂರಬೇಡಿ, ಅದರ ಮೇಲಿನ ದಿನಾಂಕ ನೋಡಿ. ಆರ್‌ಡಿ ಎಂದು ಶುರುವಾಗುವ ನಂಬರನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದಿಡಿ. ಎಲ್ಲ ಅರ್ಜಿಗೂ ಅದನ್ನೇ ಕೇಳುತ್ತಾರೆ.

## ಹಂತ 1: ಸ್ಕಾಲರ್‌ಶಿಪ್‌ಗಳನ್ನು ಎರಡು ಪಟ್ಟಿ ಮಾಡಿ

ಎಲ್ಲವನ್ನೂ ಸ್ಕಾಲರ್‌ಶಿಪ್ ಎಂಬ ಒಂದೇ ಚೀಲಕ್ಕೆ ತುಂಬುವುದೇ ಮೊದಲ ತಪ್ಪು. ಇವುಗಳಲ್ಲಿ ಎರಡು ಬಗೆ ಇದೆ.

ಮೊದಲ ಪಟ್ಟಿ: ಫೀಸಿನಲ್ಲೇ ಕಡಿತ ಆಗುವವು. ಸೀಟು ಸಿಗುವಾಗಲೇ, ಅಥವಾ ಅದರ ಆಸುಪಾಸಿನಲ್ಲಿ ಇವು ತೀರ್ಮಾನವಾಗುತ್ತವೆ. ಪ್ರವೇಶ ಪರೀಕ್ಷೆಯ ರ‍್ಯಾಂಕ್ ಅಥವಾ ಪಿಯು ಅಂಕ ನೋಡಿ ಡೀಮ್ಡ್ ವಿಶ್ವವಿದ್ಯಾಲಯಗಳು (ಸ್ವಂತವಾಗಿ ಪದವಿ ಕೊಡುವ ಮಾನ್ಯತೆ ಇರುವ ಸಂಸ್ಥೆಗಳು) ಕೊಡುವ ಮೆರಿಟ್ ಸ್ಕಾಲರ್‌ಶಿಪ್ ಈ ಬಗೆಯದು. ರಾಜ್ಯದ ಪ್ರವೇಶ ಪರೀಕ್ಷೆಯಾದ ಸಿಇಟಿ ಮೂಲಕ ಎಂಜಿನಿಯರಿಂಗ್ ಸೇರುವವರಿಗೆ ಎಸ್‌ಎನ್‌ಕ್ಯೂ ಎಂಬ ಹೆಚ್ಚುವರಿ ಸೀಟು ಇದೆ. ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷದೊಳಗೆ ಇರುವವರಿಗೆ ಬೋಧನಾ ಶುಲ್ಕ ಇಲ್ಲದ ಈ ಸೀಟುಗಳು ಕೋರ್ಸಿನ ಸೀಟುಗಳ ಶೇ 5ರಷ್ಟು. ಬೋಧನಾ ಶುಲ್ಕ ಇಲ್ಲ ಎಂದ ಮಾತ್ರಕ್ಕೆ ಉಳಿದ ಶುಲ್ಕಗಳು ಇಲ್ಲ ಎಂದಲ್ಲ, ಅವನ್ನು ಕಟ್ಟಲೇಬೇಕು. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಬಿ.ಟೆಕ್ ಬೋಧನಾ ಶುಲ್ಕ ವರ್ಷಕ್ಕೆ 1,25,000 ರೂಪಾಯಿ. ಎನ್‌ಐಟಿಗಳಲ್ಲಿ ಕುಟುಂಬದ ಆದಾಯ 1 ಲಕ್ಷದೊಳಗಿದ್ದರೆ ಅದು ಪೂರ್ತಿ ಮಾಫಿ. 1ರಿಂದ 5 ಲಕ್ಷದೊಳಗಿದ್ದರೆ ಮೂರರಲ್ಲಿ ಎರಡು ಭಾಗ ಮಾಫಿ. ಪರಿಶಿಷ್ಟ ಜಾತಿ, ಪಂಗಡದ ಮತ್ತು ಅಂಗವಿಕಲ ವಿದ್ಯಾರ್ಥಿಗಳಿಗೆ ಪೂರ್ತಿ ಮಾಫಿ.

ಎರಡನೇ ಪಟ್ಟಿ: ಸೇರಿದ ಮೇಲೆ ಖಾತೆಗೆ ಬರುವವು. ವಿದ್ಯಾರ್ಥಿವೇತನದ ವೆಬ್‌ಸೈಟುಗಳಾದ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್ ಮತ್ತು ಕೇಂದ್ರದ ಎನ್‌ಎಸ್‌ಪಿ ಪೋರ್ಟಲಿನಲ್ಲಿ ಹಾಕುವ ಅರ್ಜಿಗಳೆಲ್ಲ ಈ ಪಟ್ಟಿಗೆ. ಕಾಲೇಜು ಸೇರದೆ ಅರ್ಜಿ ಹಾಕಲು ಆಗುವುದಿಲ್ಲ. ಹಾಕಿದ ಮೇಲೆ ಕಾಲೇಜು ಪರಿಶೀಲಿಸಬೇಕು, ನಂತರ ಮೇಲಿನವರು. ಹಣ ಬರುವಷ್ಟರಲ್ಲಿ ಮೊದಲ ಸೆಮಿಸ್ಟರ್ ಮುಗಿದಿರಬಹುದು, ವರ್ಷವೇ ಮುಗಿದಿರಬಹುದು.

ಎರಡನೇ ಪಟ್ಟಿಯಲ್ಲಿ ನಮ್ಮ ಊರಿನವರು ನೋಡಲೇಬೇಕಾದ ಕೆಲವನ್ನು ಹೇಳುತ್ತೇನೆ.

ಪಿಯು ಬೋರ್ಡಿನಲ್ಲಿ 80ನೇ ಪರ್ಸೆಂಟೈಲ್ ದಾಟಿದವರಿಗೆ (ಶೇ 80 ಅಂಕ ಎಂದಲ್ಲ, ನೂರರಲ್ಲಿ 80 ಜನರಿಗಿಂತ ಮುಂದೆ ಇರುವವರು), ಕುಟುಂಬದ ಆದಾಯ 4.5 ಲಕ್ಷದೊಳಗಿದ್ದರೆ, ಕೇಂದ್ರ ವಲಯದ ವಿದ್ಯಾರ್ಥಿವೇತನ ಇದೆ. ಪದವಿಯ ಮೊದಲ ಮೂರು ವರ್ಷ ವರ್ಷಕ್ಕೆ 12,000 ರೂಪಾಯಿ. ಇದನ್ನು ಪಡೆಯುವವರು ಬೇರೆ ವಿದ್ಯಾರ್ಥಿವೇತನ ಅಥವಾ ಶುಲ್ಕ ಮಾಫಿ ಪಡೆಯುವಂತಿಲ್ಲ. ಹಾಗಾಗಿ ಇದಕ್ಕಿಂತ ದೊಡ್ಡದು ಇನ್ನೊಂದು ಸಿಗುವ ಹಾಗಿದ್ದರೆ ಮೊದಲು ಎರಡನ್ನೂ ತೂಗಿ ನೋಡಿ.

ಅಮ್ಮ ಬೀಡಿ ಕಟ್ಟುತ್ತಾರಾ? ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಕಾರ್ಮಿಕ ಇಲಾಖೆಯ ಸಹಾಯಧನ ಇದೆ. ಸಾಮಾನ್ಯ ಪದವಿಗೆ ವರ್ಷಕ್ಕೆ 6,000, ವೃತ್ತಿಪರ ಕೋರ್ಸಿಗೆ 25,000 ರೂಪಾಯಿ. ಅಮ್ಮನ ಗುರುತಿನ ಚೀಟಿ ಬೇಕು. ಬಂಟ್ವಾಳ, ಬೆಳ್ತಂಗಡಿ, ಕಾರ್ಕಳದ ಕಡೆ ಎಷ್ಟೋ ಮನೆಗಳಲ್ಲಿ ಚೀಟಿ ಪೆಟ್ಟಿಗೆಯಲ್ಲೇ ಇರುತ್ತದೆ, ಅರ್ಜಿ ಮಾತ್ರ ಹಾಕಿರುವುದಿಲ್ಲ. ನನಗೆ ತುಂಬಾ ಬೇಸರ ತರಿಸುವ ವಿಷಯ ಇದು.

ಕೃಷಿ ಜಮೀನು ಇರುವ ಮನೆಯವರಿಗೆ ರೈತ ವಿದ್ಯಾನಿಧಿ ಇದೆ. ಅದಕ್ಕೆ ಜಮೀನು ಇರುವವರ ಹೆಸರಿನಲ್ಲಿ ಫ್ರೂಟ್ಸ್ ಐಡಿ (ರೈತರ ನೋಂದಣಿ ಸಂಖ್ಯೆ) ಆಗಿರಬೇಕು. ಹತ್ತನೇ ಮತ್ತು ಹನ್ನೆರಡನೇ ತರಗತಿ ಎರಡನ್ನೂ ಸರ್ಕಾರಿ ಸಂಸ್ಥೆಯಲ್ಲಿ ಓದಿದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ಸ್ಕಾಲರ್‌ಶಿಪ್ ವರ್ಷಕ್ಕೆ 30,000 ರೂಪಾಯಿ. ಹಿಂದುಳಿದ ವರ್ಗದವರು ಹಾಸ್ಟೆಲ್ ಸಿಗದೆ ಹೊರಗೆ ಉಳಿದುಕೊಂಡರೆ ವಿದ್ಯಾಸಿರಿ ಇದೆ, ತಿಂಗಳ ಲೆಕ್ಕದಲ್ಲಿ ಹತ್ತು ತಿಂಗಳು.

ಜಾತಿ ಸಂಘ, ದೇವಸ್ಥಾನ, ಚರ್ಚ್, ಜಮಾತ್, ಊರಿನ ಯುವಕ ಮಂಡಲ ಇವುಗಳ ಸಹಾಯಧನವನ್ನೂ ಬರೆದುಕೊಳ್ಳಿ. ಮೊತ್ತ ಚಿಕ್ಕದಾದರೂ ಕಚೇರಿ ಹತ್ತಿರ ಇದೆ, ಮಾತನಾಡಲು ಜನ ಸಿಗುತ್ತಾರೆ. ಉಡುಪಿಯ ಯಕ್ಷಗಾನ ಕಲಾರಂಗದ ವಿದ್ಯಾಪೋಷಕ್‌ನವರು ವಿದ್ಯಾರ್ಥಿಯ ಮನೆಗೇ ಬಂದು ಪರಿಸ್ಥಿತಿ ನೋಡುತ್ತಾರೆ.

## ಹಂತ 2: ಸ್ಕಾಲರ್‌ಶಿಪ್ ಇಲ್ಲದ ಲೆಕ್ಕ ಮೊದಲು ಹಾಕಿ

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಒಂದು ವರ್ಷದ್ದಲ್ಲ, ಕೋರ್ಸ್ ಮುಗಿಯುವವರೆಗಿನ ಲೆಕ್ಕ ಬೇಕು.

ಮೊದಲು ಸೀಟಿನ ಬಗೆ ಯಾವುದು ಅಂತ ಖಚಿತ ಮಾಡಿಕೊಳ್ಳಿ. ಒಂದೇ ಎಂಜಿನಿಯರಿಂಗ್ ಕಾಲೇಜಿನ ಒಂದೇ ಕ್ಲಾಸಿನಲ್ಲಿ ಸಿಇಟಿ, ಕಾಮೆಡ್‌ಕೆ (ಖಾಸಗಿ ಕಾಲೇಜುಗಳ ಪ್ರವೇಶ ಪರೀಕ್ಷೆ), ಮ್ಯಾನೇಜ್‌ಮೆಂಟ್ ಎಂದು ಮೂರು ಬಗೆಯ ಫೀಸ್ ಕಟ್ಟಿದವರು ಅಕ್ಕಪಕ್ಕ ಕೂತಿರುತ್ತಾರೆ. "ಅಲ್ಲಿ ಒಂದು ಲಕ್ಷವಂತೆ" ಎಂದು ಪಕ್ಕದ ಮನೆಯವರು ಹೇಳಿದರೆ, ಯಾವ ಸೀಟಿಗೆ ಎಂದು ಕೇಳಿ.

ಆಮೇಲೆ ಫೀಸ್ ಪಟ್ಟಿಯ ಹೊರಗಿನ ಖರ್ಚು. ಹಾಸ್ಟೆಲ್ ಠೇವಣಿ, ಮೆಸ್, ಯೂನಿಫಾರ್ಮ್, ಲ್ಯಾಪ್‌ಟಾಪ್, ಪರೀಕ್ಷಾ ಶುಲ್ಕ, ಮನೆಗೆ ಬಂದು ಹೋಗುವ ಖರ್ಚು. ಕರಾವಳಿಯಲ್ಲಿ ಬಸ್ಸಿನ ಲೆಕ್ಕವನ್ನು ಬೇರೆಯೇ ಹಾಕಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹುಡುಗಿಯರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಪ್ರಯಾಣ ಉಚಿತ. ಆದರೆ ನಮ್ಮಲ್ಲಿ ಬಹುಪಾಲು ರೂಟ್‌ಗಳಲ್ಲಿ ಓಡುವುದು ಖಾಸಗಿ ಬಸ್. ನಿಮ್ಮ ಸ್ಟಾಪಿನಲ್ಲಿ ಬೆಳಿಗ್ಗೆ ಏಳೂವರೆಯಿಂದ ಎಂಟೂವರೆಯೊಳಗೆ ಯಾವ ಬಸ್ ನಿಲ್ಲುತ್ತದೆ ಅಂತ ಒಂದು ದಿನ ನಿಂತು ನೋಡಿ. ಸರ್ಕಾರಿ ಬಸ್ ಆ ಹೊತ್ತಿಗೆ ಇಲ್ಲದಿದ್ದರೆ ಖಾಸಗಿ ಬಸ್ಸಿನ ಪಾಸ್ ದರವನ್ನೇ ಲೆಕ್ಕಕ್ಕೆ ಹಿಡಿಯಿರಿ.

ಈಗ ಒಂದು ಲೆಕ್ಕ ಬಿಡಿಸಿ ತೋರಿಸುತ್ತೇನೆ. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮ ಕಾಲೇಜಿನ ಅಂಕಿ ಹಾಕಿಕೊಳ್ಳಿ.

ಮೊದಲ ಕಾಲೇಜು: ಖಾಸಗಿ, ನಾಲ್ಕು ವರ್ಷದ ಕೋರ್ಸ್. ಫೀಸ್ ವರ್ಷಕ್ಕೆ 1,80,000. ಹಾಸ್ಟೆಲ್ ಮತ್ತು ಊಟ 1,10,000. ಇತರ ಖರ್ಚು 15,000. ನಾಲ್ಕು ವರ್ಷಕ್ಕೆ ಒಟ್ಟು 12,20,000. ಫೀಸಿನಲ್ಲಿ ಅರ್ಧ ಮಾಫಿಯ ಮೆರಿಟ್ ಸ್ಕಾಲರ್‌ಶಿಪ್ ಬರಬಹುದು ಎಂದು ಕಾಯುತ್ತಿದ್ದೀರಿ.

ಎರಡನೇ ಕಾಲೇಜು: ಮನೆಯಿಂದ ಹೋಗಿ ಬರಬಹುದು. ಫೀಸ್ 1,00,000. ಬಸ್ಸಿಗೆ ತಿಂಗಳಿಗೆ 2,500ರಂತೆ ಹತ್ತು ತಿಂಗಳು, ಅಂದರೆ 25,000. ಮಧ್ಯಾಹ್ನದ ಊಟಕ್ಕೆ 20,000. ಇತರ 15,000. ನಾಲ್ಕು ವರ್ಷಕ್ಕೆ 6,40,000.

ಈಗ ಮೊದಲ ಕಾಲೇಜಿಗೆ ಮೂರು ಉತ್ತರ ಬರೆಯಿರಿ. ಸ್ಕಾಲರ್‌ಶಿಪ್ ನಾಲ್ಕೂ ವರ್ಷ ಸಿಕ್ಕಿದರೆ 8,60,000. ಮೊದಲ ವರ್ಷ ಮಾತ್ರ ಸಿಕ್ಕಿದರೆ 11,30,000. ಸಿಗದೇ ಹೋದರೆ 12,20,000. ಅಂದರೆ ಎರಡನೇ ಕಾಲೇಜಿಗಿಂತ ಕ್ರಮವಾಗಿ 2,20,000, 4,90,000 ಮತ್ತು 5,80,000 ಜಾಸ್ತಿ. ವರ್ಷ ವರ್ಷ ಫೀಸ್ ಏರುವುದನ್ನು ಇಲ್ಲಿ ಸೇರಿಸಿಲ್ಲ, ನೀವು ಸೇರಿಸಿ.

ಮಧ್ಯದ ಅಂಕಿಯನ್ನು ಗಮನಿಸಿ. ಅರ್ಧ ಫೀಸ್ ಮಾಫಿ ಎಂದು ಊರಿಗೆಲ್ಲ ಸಿಹಿ ಹಂಚಿದ ಮೇಲೂ, ಎರಡನೇ ವರ್ಷ ಅದು ತಪ್ಪಿದರೆ ಸುಮಾರು ಐದು ಲಕ್ಷದ ವ್ಯತ್ಯಾಸ ಮನೆಯ ಮೇಲೆ ಬೀಳುತ್ತದೆ. ನನ್ನ ಮಾತು ಇಷ್ಟು: ಮೂರನೇ ಅಂಕಿಯನ್ನು ತಡೆದುಕೊಳ್ಳಲು ಮನೆಗೆ ಸಾಧ್ಯವಿದ್ದರೆ ಮೊದಲ ಕಾಲೇಜಿಗೆ ಧೈರ್ಯವಾಗಿ ಕಾಯಿರಿ. ಮಧ್ಯದ ಅಂಕಿಯನ್ನು ಮಾತ್ರ ತಡೆಯಬಹುದು ಅಂದರೆ ಲಿಖಿತ ಉತ್ತರ ಕೈಗೆ ಬರುವವರೆಗೆ ಸೇರಬೇಡಿ. ಮೊದಲ ಅಂಕಿಗೇ ಉಸಿರು ಕಟ್ಟುವುದಾದರೆ ಎರಡನೇ ಕಾಲೇಜೇ ಸರಿ.

ಪದವಿ ಕೋರ್ಸಿಗೂ ಇದೇ ಕ್ರಮ. ಬಿ.ಕಾಂ, ಬಿ.ಎಸ್ಸಿ ಮಾಡುವವರು ಹಂಪನಕಟ್ಟೆಯ ವಿಶ್ವವಿದ್ಯಾಲಯ ಕಾಲೇಜು, ಅಜ್ಜರಕಾಡಿನ ಡಾ. ಜಿ. ಶಂಕರ್ ಸರ್ಕಾರಿ ಮಹಿಳಾ ಕಾಲೇಜಿನಂಥ ಕಡೆಯ ಫೀಸನ್ನೂ ಒಂದು ಸಾಲಿನಲ್ಲಿ ಬರೆದು ಹೋಲಿಸಿ ನೋಡಿ.

## ಹಂತ 3: ಷರತ್ತುಗಳನ್ನು ಬರಹದಲ್ಲಿ ಕೇಳಿ

ಅಡ್ಮಿಷನ್ ಕೌಂಟರಿನಲ್ಲಿ "ಸಿಗುತ್ತೆ ಬಿಡಿ" ಎನ್ನುವುದು ಉತ್ತರ ಅಲ್ಲ. ಇಮೇಲ್ ಕಳುಹಿಸಿ. ಹೀಗೆ ಬರೆದರೆ ಸಾಕು:

"ಮಾನ್ಯರೇ, ನನ್ನ ಅರ್ಜಿ ಸಂಖ್ಯೆ ಇದು. ಮೆರಿಟ್ ಸ್ಕಾಲರ್‌ಶಿಪ್‌ಗೆ ಸಂಬಂಧಿಸಿ ಐದು ವಿಷಯ ತಿಳಿಸಬೇಕಾಗಿ ವಿನಂತಿ. ಒಂದು, ತೀರ್ಮಾನ ಯಾವ ದಿನಾಂಕದೊಳಗೆ ಬರುತ್ತದೆ? ಎರಡು, ಮಾಫಿ ಬೋಧನಾ ಶುಲ್ಕಕ್ಕೆ ಮಾತ್ರವೇ, ಒಟ್ಟು ಶುಲ್ಕಕ್ಕೇ? ಮೂರು, ಎಷ್ಟು ವರ್ಷ ಸಿಗುತ್ತದೆ, ಮುಂದುವರಿಯಲು ಎಷ್ಟು ಸಿಜಿಪಿಎ ಮತ್ತು ಹಾಜರಿ ಬೇಕು? ನಾಲ್ಕು, ಒಂದು ಸೆಮಿಸ್ಟರ್ ತಪ್ಪಿದರೆ ಮುಂದಿನ ವರ್ಷ ಮರಳಿ ಸಿಗುತ್ತದೆಯೇ? ಐದು, ಸರ್ಕಾರಿ ವಿದ್ಯಾರ್ಥಿವೇತನದ ಜೊತೆ ಇದನ್ನೂ ಪಡೆಯಬಹುದೇ?"

ಎರಡನೇ ಪ್ರಶ್ನೆಯಲ್ಲಿ ಜಾಸ್ತಿ ಜನ ಸಿಕ್ಕಿಬೀಳುತ್ತಾರೆ. ಶೇ 50 ಎಂದು ಜಾಹೀರಾತಿನಲ್ಲಿ ಇರುತ್ತದೆ. ಆ ಶೇ 50 ಬೋಧನಾ ಶುಲ್ಕಕ್ಕೆ ಮಾತ್ರ ಆಗಿದ್ದು, ಒಟ್ಟು ಬಿಲ್ಲಿನಲ್ಲಿ ಹಾಸ್ಟೆಲ್ಲೇ ದೊಡ್ಡ ಪಾಲಾಗಿದ್ದರೆ, ನಿಜವಾಗಿ ಕಡಿಮೆಯಾಗುವುದು ಕಾಲು ಭಾಗ ಅಷ್ಟೇ ಇರಬಹುದು.

ಮೂರನೆಯದಕ್ಕೆ ಬರುವ ಉತ್ತರವನ್ನು ಅಪ್ಪ ಅಮ್ಮ ಇಬ್ಬರೇ ಓದಿ ಮಡಚಿಡಬೇಡಿ, ಓದುವ ಮಗುವಿಗೂ ತೋರಿಸಿ. ಪಿಯುನಲ್ಲಿ ಶೇ 95 ಬಂದವರಿಗೂ ಎಂಜಿನಿಯರಿಂಗ್ ಮೊದಲ ಸೆಮಿಸ್ಟರಿನಲ್ಲಿ ಅಂಕ ಇಳಿಯುವುದು ಇದ್ದದ್ದೇ. ಸಿಜಿಪಿಎ (ಎಲ್ಲ ಸೆಮಿಸ್ಟರುಗಳ ಸರಾಸರಿ ಗ್ರೇಡ್) ಷರತ್ತು ತುಂಬಾ ಮೇಲಿದ್ದರೆ ಹಂತ 2ರ ಮಧ್ಯದ ಅಂಕಿಯನ್ನೇ ನಿಜ ಎಂದು ಹಿಡಿಯಿರಿ.

## ಹಂತ 4: ಕಾಯುವಾಗ ಮಾಡುವ ಕೆಲಸ: ಖಾತೆ, ಆಧಾರ್, ಹೆಸರು

ಉತ್ತರ ಬರುವವರೆಗೆ ದಿನಕ್ಕೆ ಹತ್ತು ಸಲ ಇಮೇಲ್ ನೋಡುವ ಬದಲು ಒಂದು ಬೆಳಿಗ್ಗೆ ಬ್ಯಾಂಕಿಗೆ ಹೋಗಿ. ಮಂಜೂರಾದ ಹಣ ಬಾರದೆ ನಿಲ್ಲುವುದು ಹೆಚ್ಚಾಗಿ ಇಲ್ಲೇ.

ಹಳೇ ಪಾಸ್‌ಬುಕ್. ನಮ್ಮ ಎರಡು ಜಿಲ್ಲೆಗಳಲ್ಲಿ ಇದು ವಿಶೇಷ ತೊಂದರೆ. ವಿಜಯಾ ಬ್ಯಾಂಕ್ 2019ರ ಏಪ್ರಿಲ್‌ನಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. 2020ರ ಏಪ್ರಿಲ್‌ನಲ್ಲಿ ಸಿಂಡಿಕೇಟ್ ಕೆನರಾ ಬ್ಯಾಂಕಿಗೆ, ಕಾರ್ಪೊರೇಶನ್ ಯೂನಿಯನ್ ಬ್ಯಾಂಕಿಗೆ ಸೇರಿತು. ಶಾಲೆಯಲ್ಲಿದ್ದಾಗ ತೆರೆದ ಖಾತೆಯ ಪಾಸ್‌ಬುಕ್ಕಿನಲ್ಲಿ ಇನ್ನೂ ಹಳೇ ಐಎಫ್‌ಎಸ್‌ಸಿ (ಬ್ಯಾಂಕ್ ಶಾಖೆಯ ಕೋಡ್) ಇದ್ದರೆ ಅದನ್ನು ಅರ್ಜಿಯಲ್ಲಿ ಬರೆಯಬೇಡಿ. ಹೊಸ ಪಾಸ್‌ಬುಕ್ ಕೇಳಿ ಪಡೆಯಿರಿ, ಅದರಲ್ಲಿ ಇರುವುದನ್ನೇ ಬರೆಯಿರಿ.

ಮೈನರ್ ಖಾತೆ. ಅಪ್ಪ ಅಥವಾ ಅಮ್ಮನ ಹೆಸರಿನ ಜೊತೆ ತೆರೆದ ಖಾತೆಯನ್ನು 18 ತುಂಬಿದ ಮೇಲೆ ಬದಲಾಯಿಸಿಕೊಳ್ಳಬೇಕು. ಹೊಸ ಫೋಟೊ, ಹೊಸ ಸಹಿ, ಕೆವೈಸಿ. ಎರಡು ವರ್ಷದಿಂದ ಹಣ ಹಾಕಿಯೂ ಇಲ್ಲ, ತೆಗೆದೂ ಇಲ್ಲ ಎಂದಾದರೆ ಖಾತೆ ನಿಷ್ಕ್ರಿಯವಾಗಿದೆಯೇ ಅಂತ ಕೌಂಟರಿನಲ್ಲಿ ಕೇಳಿ.

ಆಧಾರ್ ಸೀಡಿಂಗ್. ಖಾತೆಗೆ ಆಧಾರ್ ಕೊಟ್ಟಿದ್ದೇವೆ ಎಂದರೆ ಸಾಲದು. ಸರ್ಕಾರದ ಹಣ ಹೋಗುವುದು ಎನ್‌ಪಿಸಿಐ ಮ್ಯಾಪರ್‌ನಲ್ಲಿ (ಯಾವ ಆಧಾರ್‌ಗೆ ಯಾವ ಬ್ಯಾಂಕ್ ಎನ್ನುವ ಪಟ್ಟಿ) ಆಧಾರ್‌ಗೆ ಜೋಡಿಸಿದ ಖಾತೆಗೆ. ಒಂದು ಆಧಾರ್‌ಗೆ ಒಂದೇ ಬ್ಯಾಂಕ್. ನಡುವೆ ಇನ್ನೊಂದು ಬ್ಯಾಂಕಿನಲ್ಲಿ ಖಾತೆ ತೆರೆದು ಅಲ್ಲಿ ಸೀಡಿಂಗ್‌ಗೆ ಸಹಿ ಹಾಕಿದ್ದರೆ ಹಣ ಅಲ್ಲಿಗೆ ಹೋಗಿರುತ್ತದೆ. ಮೈಆಧಾರ್ ವೆಬ್‌ಸೈಟಿನಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ನೋಡಿದರೆ ಯಾವ ಬ್ಯಾಂಕ್ ಎಂದು ತೋರಿಸುತ್ತದೆ. ಹಣ ಬಂದಿಲ್ಲ ಎಂದು ಕಚೇರಿ ಅಲೆಯುವ ಮೊದಲು ಇದನ್ನು ನೋಡಿ.

ಹೆಸರು. ಅಂಕಪಟ್ಟಿ, ಆಧಾರ್, ಪಾಸ್‌ಬುಕ್ ಮೂರನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಇಂಗ್ಲಿಷ್ ಅಕ್ಷರ ಒಂದೊಂದಾಗಿ ಓದಿ. ಒಂದರಲ್ಲಿ ಪೂಜಾರಿ ಐ ಅಕ್ಷರದಲ್ಲಿ ಮುಗಿದಿರುತ್ತದೆ, ಇನ್ನೊಂದರಲ್ಲಿ ವೈ. ಒಂದರಲ್ಲಿ ಇನಿಶಿಯಲ್ ಮಾತ್ರ, ಇನ್ನೊಂದರಲ್ಲಿ ಮನೆತನದ ಹೆಸರು ಪೂರ್ತಿ. ಅಂಕಪಟ್ಟಿ ತಿದ್ದಿಸುವುದು ದೊಡ್ಡ ಕೆಲಸ. ಆಧಾರ್ ಮತ್ತು ಬ್ಯಾಂಕಿನ ಹೆಸರನ್ನು ಅಂಕಪಟ್ಟಿಯಂತೆ ಮಾಡಿಸಿಕೊಳ್ಳುವುದು ಸುಲಭ. ಮೊದಲು ಆಧಾರ್, ಅದು ಆದ ಮೇಲೆ ಬ್ಯಾಂಕ್. ಬ್ಯಾಂಕಿಗೆ ಮೊದಲು ಹೋದರೆ ಎರಡು ಸಲ ಹೋಗಬೇಕಾಗುತ್ತದೆ.

## ಹಂತ 5: ಉತ್ತರಕ್ಕೆ ಮೊದಲೇ ಫೀಸಿನ ಕೊನೇ ದಿನ ಬಂದರೆ

ಮೊದಲು ಸಮಯ ಕೇಳಿ. ಸ್ಕಾಲರ್‌ಶಿಪ್ ತೀರ್ಮಾನ ಬರುವವರೆಗೆ ಫೀಸ್ ದಿನಾಂಕ ಮುಂದೂಡಬಹುದೇ, ಕಂತಿನಲ್ಲಿ ಕಟ್ಟಬಹುದೇ ಎಂದು ಬರಹದಲ್ಲಿ ಕೇಳಿ. ಕೇಳಿದರೆ ಸೀಟು ಹೋಗುತ್ತದೆ ಎನ್ನುವ ಹೆದರಿಕೆ ಬೇಡ.

ಆಗುವುದಿಲ್ಲ ಎಂದರೆ, ಕಟ್ಟಿದ ಹಣ ಎಷ್ಟು ವಾಪಸ್ ಬರುತ್ತದೆ ಎಂದು ನೋಡಿ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದಂತೆ, ಪ್ರವೇಶದ ಕೊನೇ ದಿನಾಂಕಕ್ಕೆ 15 ದಿನ ಅಥವಾ ಅದಕ್ಕೂ ಮೊದಲೇ ಸೀಟು ಬಿಟ್ಟರೆ ಪೂರ್ತಿ ಹಣ ವಾಪಸ್. ಸಂಸ್ಕರಣಾ ಶುಲ್ಕವಾಗಿ ಶೇ 5ರವರೆಗೆ, ಅದೂ 5,000 ರೂಪಾಯಿ ಮೀರದಂತೆ ಹಿಡಿಯಬಹುದು. ಕೊನೇ ದಿನಾಂಕಕ್ಕೆ 15 ದಿನವೂ ಇಲ್ಲದಾಗ ಬಿಟ್ಟರೆ ಶೇ 90. ಕೊನೇ ದಿನಾಂಕ ದಾಟಿ 15 ದಿನದೊಳಗೆ ಶೇ 80, 30 ದಿನದೊಳಗೆ ಶೇ 50. ಆಮೇಲೆ ಏನೂ ಇಲ್ಲ. ಆಯಾ ವರ್ಷ ಯುಜಿಸಿ ಹೊಸ ಸುತ್ತೋಲೆ ಹೊರಡಿಸಿದ್ದರೆ ಅದರ ದಿನಾಂಕವನ್ನೇ ಹಿಡಿಯಬೇಕು. ಸಿಇಟಿ ಸೀಟಿನ ರದ್ದತಿ ಮಾತ್ರ ಸಿಇಟಿ ನಡೆಸುವ ಕೆಇಎ ನಿಯಮದಂತೆ, ಅದನ್ನು ಇದರ ಜೊತೆ ಬೆರೆಸಬೇಡಿ.

ಮೂಲ ಅಂಕಪಟ್ಟಿ, ಟಿಸಿಯನ್ನು ಪರಿಶೀಲಿಸಿ ವಾಪಸ್ ಕೊಡಬೇಕು, ಇಟ್ಟುಕೊಳ್ಳುವಂತಿಲ್ಲ ಎಂದೂ ಅದೇ ನಿಯಮದಲ್ಲಿದೆ. "ಒರಿಜಿನಲ್ ಇಲ್ಲೇ ಇರಲಿ" ಎಂದರೆ ಆ ನಿಯಮವನ್ನು ಹೇಳಿ. ಒರಿಜಿನಲ್ ಒಂದು ಕಡೆ ಸಿಕ್ಕಿಕೊಂಡರೆ ಇನ್ನೊಂದು ಕಡೆಯ ಸೀಟು ಕಣ್ಣೆದುರೇ ಕೈ ತಪ್ಪುತ್ತದೆ.

ಸಿಇಟಿ ಕೌನ್ಸೆಲಿಂಗ್‌ನಲ್ಲಿ ಇರುವವರು ಚಾಯ್ಸ್ ಒತ್ತುವಾಗ ಅವಸರ ಮಾಡಬೇಡಿ. ಚಾಯ್ಸ್ 1 ಅಂದರೆ ಈ ಸೀಟು ಸಾಕು. 2 ಅಂದರೆ ಇದು ಇರಲಿ, ಮುಂದಿನ ಸುತ್ತಿನಲ್ಲಿ ಇದಕ್ಕಿಂತ ಮೇಲಿನದು ಸಿಕ್ಕಿದರೆ ಅದು. 3 ಅಂದರೆ ಇದು ಬೇಡ, ಮುಂದಿನ ಸುತ್ತು ನೋಡುತ್ತೇನೆ. 4 ಅಂದರೆ ನಾನು ಹೊರಗೆ. ಡೀಮ್ಡ್ ವಿಶ್ವವಿದ್ಯಾಲಯದ ಸ್ಕಾಲರ್‌ಶಿಪ್‌ಗೆ ಕಾಯುತ್ತಾ, ಲಿಖಿತ ಉತ್ತರ ಬರುವ ಮೊದಲೇ 3 ಅಥವಾ 4 ಒತ್ತುವುದು ಈ ಇಡೀ ಪ್ರಕ್ರಿಯೆಯಲ್ಲಿ ತಿದ್ದಲಾಗದ ತಪ್ಪು.

## ಹಂತ 6: ಕೊರತೆಗೆ ಸಾಲ, ತಿಂಗಳ ಕಂತಿನ ಲೆಕ್ಕದಲ್ಲಿ

ಐದು ಲಕ್ಷ ಸಾಲ ಎಂದರೆ ಎಷ್ಟು ಭಾರ ಅಂತ ಮನಸ್ಸಿಗೆ ತಾಗುವುದಿಲ್ಲ. ಶೇ 10 ಬಡ್ಡಿ, ಏಳು ವರ್ಷ ಎಂದು ಹಿಡಿದರೆ ತಿಂಗಳಿಗೆ ಸುಮಾರು 8,300 ರೂಪಾಯಿ. ಓದುವ ವರ್ಷಗಳ ಬಡ್ಡಿ ಇದಕ್ಕೆ ಸೇರಿದರೆ ಇನ್ನೂ ಜಾಸ್ತಿ. ಈ ಕೋರ್ಸ್ ಮುಗಿಸಿದವರಿಗೆ ಇಲ್ಲಿ ಮೊದಲ ಸಂಬಳ ಎಷ್ಟು ಸಿಗುತ್ತಿದೆ ಎಂದು ಅದೇ ಕಾಲೇಜಿನ ಇಬ್ಬರು ಮೂವರು ಹಳೇ ವಿದ್ಯಾರ್ಥಿಗಳನ್ನು ಕೇಳಿ, ಆ ಸಂಬಳದಲ್ಲಿ ಈ ಕಂತು ಕಳೆದು ನೋಡಿ.

ಪಿಎಂ ವಿದ್ಯಾಲಕ್ಷ್ಮಿ ಯೋಜನೆಯ ಪಟ್ಟಿಯಲ್ಲಿ ನಿಮ್ಮ ಸಂಸ್ಥೆ ಇದೆಯೇ ನೋಡಿ. ಇದ್ದರೆ ಅಡಮಾನ, ಜಾಮೀನು ಇಲ್ಲದೆ ಸಾಲ ಸಿಗುತ್ತದೆ. ಕುಟುಂಬದ ಆದಾಯ 8 ಲಕ್ಷದೊಳಗಿದ್ದು ಬೇರೆ ಸರ್ಕಾರಿ ಸ್ಕಾಲರ್‌ಶಿಪ್ ಪಡೆಯದವರಿಗೆ 10 ಲಕ್ಷದವರೆಗಿನ ಸಾಲಕ್ಕೆ ಓದುವ ಕಾಲದ ಬಡ್ಡಿಯಲ್ಲಿ ಶೇ 3 ರಿಯಾಯಿತಿ. ಮ್ಯಾನೇಜ್‌ಮೆಂಟ್ ಕೋಟಾಕ್ಕೆ ಇದು ಇಲ್ಲ. ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ ಅವರ ಅಭಿವೃದ್ಧಿ ನಿಗಮದ ಅರಿವು ಸಾಲ ಇದೆ, ಬಡ್ಡಿ ಕೇವಲ ಶೇ 2. ಬ್ಯಾಂಕಿನ ಮೆಟ್ಟಿಲು ಹತ್ತುವ ಮೊದಲು ಅದನ್ನು ವಿಚಾರಿಸಿ.

## ಹಂತ 7: ಸೇರಿದ ವಾರದಲ್ಲೇ ಎರಡನೇ ಪಟ್ಟಿ ಕೈಗೆತ್ತಿಕೊಳ್ಳಿ

ಹಂತ 1ರಲ್ಲಿ ಬರೆದ ಎರಡನೇ ಪಟ್ಟಿಗೆ ಈಗ ಕೆಲಸ. ಎನ್‌ಎಸ್‌ಪಿಯಲ್ಲಿ ಮೊದಲು ಓಟಿಆರ್ ಎಂಬ ಒಂದೇ ಸಲದ ನೋಂದಣಿ ಮಾಡಬೇಕು, ಮುಖ ತೋರಿಸಿ ದೃಢೀಕರಿಸುವುದು ಮೊಬೈಲಿನಲ್ಲೇ ಆಗುತ್ತದೆ. ಎಸ್‌ಎಸ್‌ಪಿಗೆ ಕಾಲೇಜಿನ ಅಧಿಕಾರಿಯಿಂದ ದಾಖಲೆಗಳ ಇ-ಅಟೆಸ್ಟೇಶನ್ (ಆನ್‌ಲೈನ್ ದೃಢೀಕರಣ) ಮಾಡಿಸಬೇಕು. ಇದನ್ನು ಕೊನೇ ವಾರಕ್ಕೆ ಬಿಟ್ಟರೆ ಆ ಕೋಣೆಯ ಮುಂದೆ ಇಡೀ ಕಾಲೇಜು ಸಾಲು ನಿಂತಿರುತ್ತದೆ.

ಅರ್ಜಿ ಸಲ್ಲಿಸಿದರೆ ಅರ್ಧ ಕೆಲಸ ಆದಂತೆ. ಸ್ಕಾಲರ್‌ಶಿಪ್ ನೋಡಿಕೊಳ್ಳುವ ಕಾಲೇಜಿನ ನೋಡಲ್ ಅಧಿಕಾರಿ ತಮ್ಮ ಲಾಗಿನ್‌ನಲ್ಲಿ ಒಪ್ಪಿಗೆ ಕೊಡದಿದ್ದರೆ ಅರ್ಜಿ ಅಲ್ಲೇ ಕೂರುತ್ತದೆ. ಪ್ರಿಂಟ್ ಮತ್ತು ದಾಖಲೆಗಳ ಪ್ರತಿಯನ್ನು ಕೈಯಾರೆ ಕೊಟ್ಟು, ದಿನಾಂಕ ಬರೆದುಕೊಳ್ಳಿ. ಹದಿನೈದು ದಿನಕ್ಕೊಮ್ಮೆ ಸ್ಟೇಟಸ್ ನೋಡಿ. ಡಿಫೆಕ್ಟ್ ಎಂದು ವಾಪಸ್ ಬಂದರೆ ಅದು ತಿರಸ್ಕಾರ ಅಲ್ಲ, ತಿದ್ದಿ ಮತ್ತೆ ಕಳುಹಿಸಬಹುದು. ಆದರೆ ಅದಕ್ಕೊಂದು ಕೊನೇ ದಿನ ಇರುತ್ತದೆ. ಎಷ್ಟೋ ಮಕ್ಕಳು ಸ್ಟೇಟಸ್ ತೆರೆದೇ ನೋಡದೆ ಆ ದಿನ ದಾಟಿಸಿಬಿಡುತ್ತಾರೆ.

ನವೀಕರಣದ ಷರತ್ತನ್ನೂ ಅದೇ ಪುಟದಲ್ಲಿ ಬರೆಯಿರಿ. ಕೇಂದ್ರ ವಲಯದ ವಿದ್ಯಾರ್ಥಿವೇತನಕ್ಕೆ ಶೇ 50 ಅಂಕ, ಶೇ 75 ಹಾಜರಿ ಬೇಕು. ಪ್ರತಿ ವರ್ಷ ನವೀಕರಣದ ಅರ್ಜಿ ಬೇರೆ ಹಾಕಬೇಕು, ತಾನಾಗಿ ಮುಂದುವರಿಯುವುದಿಲ್ಲ.

## ಎಲ್ಲಿ ನಿಲ್ಲಬೇಕು

ಕೆಳಗಿನವುಗಳಲ್ಲಿ ಯಾವುದು ಕಂಡರೂ ಹಣ ಕಟ್ಟುವುದನ್ನು ನಿಲ್ಲಿಸಿ, ಇನ್ನೊಬ್ಬರ ಹತ್ತಿರ ಕೇಳಿ.

ಸ್ಕಾಲರ್‌ಶಿಪ್ ಮಂಜೂರಾಗಿದೆ, ಪ್ರೊಸೆಸಿಂಗ್‌ಗೆ ಇಷ್ಟು ಕಳುಹಿಸಿ, ಅಥವಾ ಓಟಿಪಿ ಹೇಳಿ ಎಂದು ಫೋನ್ ಬಂದರೆ ಅದು ಮೋಸವೇ. ಎಸ್‌ಎಸ್‌ಪಿ, ಎನ್‌ಎಸ್‌ಪಿ ಎರಡರಲ್ಲೂ ಅರ್ಜಿಗೆ ಶುಲ್ಕ ಇಲ್ಲ.

ಇವತ್ತು ಸಂಜೆಯೊಳಗೆ ಕಟ್ಟಿದರೆ ಮಾತ್ರ ಸ್ಕಾಲರ್‌ಶಿಪ್ ಎಂದು ಏಜೆಂಟ್ ಹೇಳಿದರೆ, ಸಂಸ್ಥೆಯ ಅಧಿಕೃತ ಇಮೇಲ್‌ನಿಂದ ಅದೇ ಮಾತನ್ನು ಬರೆಸಿ ಕೊಡಿ ಎನ್ನಿ. ಬರೆದು ಕೊಡಲು ಹಿಂಜರಿದರೆ ನಿಮಗೆ ಉತ್ತರ ಸಿಕ್ಕಿದ ಹಾಗೆ.

ರಸೀದಿಯಲ್ಲಿ ಸಂಸ್ಥೆಯ ಹೆಸರಿನ ಬದಲು ಬೇರೆ ಟ್ರಸ್ಟ್ ಅಥವಾ ವ್ಯಕ್ತಿಯ ಹೆಸರಿದ್ದರೆ ಕಟ್ಟಬೇಡಿ. ನಗದು ಕೇಳಿದರೂ ಅಷ್ಟೇ.

ಕೊನೆಗೆ ಮೆರಿಟ್ ಸ್ಕಾಲರ್‌ಶಿಪ್ ಇಲ್ಲ ಎಂಬ ಉತ್ತರವೇ ಬಂತು ಅಂದುಕೊಳ್ಳಿ. ಅದೇ ದಿನ ಇನ್ನೊಂದು ಇಮೇಲ್ ಹಾಕಿ. ಆಯ್ಕೆಯಾದವರು ಸೀಟು ಬಿಟ್ಟರೆ ಕಾಯುವ ಪಟ್ಟಿ ಇದೆಯೇ, ಆದಾಯ ನೋಡಿ ಕೊಡುವ ಸಹಾಯ ಬೇರೆ ಇದೆಯೇ, ಎರಡನೇ ವರ್ಷ ಅಂಕದ ಆಧಾರದಲ್ಲಿ ಮತ್ತೆ ಅರ್ಜಿ ಹಾಕಬಹುದೇ ಎಂದು ಕೇಳಿ. ಆದಾಯ ಪತ್ರವನ್ನು ಅದರ ಜೊತೆಗೇ ಲಗತ್ತಿಸಿ, ಅವರು ಕೇಳುವವರೆಗೆ ಕಾಯಬೇಡಿ.